ವಾಷಿಂಗ್ ಮಷಿನ್ ಸಪ್ಪಳ ಮಾಡ್ತಿದೆಯಾ? ರಿಪೇರಿ ಮಾಡಿಸೋದಾ, ಹೊಸದು ತರೋದಾ?

ಮಷಿನ್ ಸಪ್ಪಳ ಮಾಡ್ತಿದೆ ಅಂತ ಯಾರಿಗಾದರೂ ಹೇಳಿ ನೋಡಿ, "ಬೇರಿಂಗ್ ಹೋಗೇತಿ ತಗೋರಿ" ಅನ್ನೋ ಉತ್ತರ ಕೂಡಲೇ ಬರುತ್ತದೆ. ಹುಬ್ಬಳ್ಳಿಯಲ್ಲೂ ಅಷ್ಟೇ, ಹಾವೇರಿಯಲ್ಲೂ ಅಷ್ಟೇ. ಬೇರಿಂಗ್, ಅಂದರೆ ಡ್ರಮ್ ನುಣುಪಾಗಿ ತಿರುಗಲಿ ಅಂತ ಹಾಕಿದ ಗುಂಡುಗಳ ಬಳೆ, ಹೋಗಿರಲೂಬಹುದು. ಆದರೆ ಸಪ್ಪಳಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಜಾಸ್ತಿ ಪಾಲು ಖರ್ಚಿಲ್ಲದೆ, ಇಲ್ಲವೇ ಸಣ್ಣ ಖರ್ಚಿನಲ್ಲಿ ಸರಿಹೋಗುವಂಥವು. ರಿಪೇರಿನಾ ಹೊಸದಾ ಅಂತ ಕೂತು ಯೋಚಿಸಬೇಕಾಗುವುದು ಒಂದೆರಡು ದೋಷಗಳಿಗೆ ಮಾತ್ರ. ಅದಕ್ಕೇ ದುಡ್ಡಿನ ಲೆಕ್ಕಕ್ಕೆ ಹೋಗುವ ಮೊದಲು ಸಪ್ಪಳ ಯಾವಾಗ ಬರುತ್ತದೆ ಅಂತ ನೋಡಿ. ನೀರು ತುಂಬುವಾಗಲಾ, ಒಗೆಯುವಾಗಲಾ, ನೀರು ಹೊರಗೆ ಹೋಗುವಾಗಲಾ, ಹಿಂಡುವಾಗಲಾ? ಇದಿಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಬಟ್ಟೆ ಹಾಕದೆ, ಖಾಲಿ ಮಷಿನ್‌ನಲ್ಲಿ ಬರೀ ಸ್ಪಿನ್ ಓಡಿಸಿ. ಖಾಲಿ ಇದ್ದಾಗ ಸಪ್ಪಳ ಇಲ್ಲ ಅಂದರೆ ದೋಷ ಬಹುಪಾಲು ನೀವು ಹಾಕುವ ಬಟ್ಟೆಯದು ಅಥವಾ ಮಷಿನ್ ನಿಂತ ಜಾಗದ್ದು. ಖಾಲಿ ಇದ್ದಾಗಲೂ ಸಪ್ಪಳ ಹಾಗೇ ಇದೆ ಅಂದರೆ ಒಳಗಿನ ಯಾವುದೋ ಭಾಗ ಸವೆದಿದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ.

ಜಾಗದ ಮಾತು ಮೊದಲು ಮುಗಿಸೋಣ. ನಮ್ಮ ಕಡೆ ಮಷಿನ್ ಇಡೋದು ಬಚ್ಚಲಲ್ಲಿ ಅಥವಾ ಹಿತ್ತಲ ಕಟ್ಟೆಯ ಮೇಲೆ. ಬಚ್ಚಲ ನೆಲ ನೀರು ಹರಿಯಲಿ ಅಂತ ಇಳಿಜಾರಾಗಿ ಇರುತ್ತದೆ. ಅದರ ಮೇಲೆ ಗಾಲಿ ಇರುವ ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ಮಷಿನ್. ಹಿಂಡುವಾಗ ಅದು ಧಡಧಡ ಅಂತ ಕುಣಿಯದೆ ಇನ್ನೇನು ಮಾಡೀತು? ಸ್ಟ್ಯಾಂಡಿನಿಂದ ಕೆಳಗಿಳಿಸಿ, ನಾಲ್ಕೂ ಕಾಲು ನೆಲಕ್ಕೆ ಗಟ್ಟಿಯಾಗಿ ಕೂರುವಂತೆ ತಿರುಗಿಸಿ, ಮೇಲೆ ಎರಡು ಎದುರುಬದುರು ಮೂಲೆಗಳನ್ನು ಕೈಯಿಂದ ಒತ್ತಿ ನೋಡಿ. ಅಲ್ಲಾಡಬಾರದು. ನೀರು ತಾಗದಿರಲಿ ಅಂತ ಎತ್ತರ ಬೇಕೇ ಬೇಕು ಅಂದರೆ ಗೌಂಡಿಯನ್ನು ಕರೆಸಿ ಸಿಮೆಂಟಿನ ಸಮತಟ್ಟಾದ ಕಟ್ಟೆ ಹಾಕಿಸಿ. ಗಾಲಿ ಸ್ಟ್ಯಾಂಡ್ ನನಗೆ ಒಪ್ಪಿಗೆಯಿಲ್ಲ, ಅದರಲ್ಲೂ ಮುಂದೆ ಬಾಗಿಲಿರುವ ಫ್ರಂಟ್ ಲೋಡ್‌ಗಂತೂ ಬೇಡವೇ ಬೇಡ. ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುವ ಡ್ರಮ್ ಅದು, ಕೆಳಗೆ ಗಟ್ಟಿ ನೆಲ ಬೇಕು.

ಬಟ್ಟೆಯ ಕಡೆಯಿಂದ ಬರುವ ತೊಂದರೆಯಲ್ಲಿ ನಮ್ಮ ಭಾಗದ್ದೇ ಒಂದು ವಿಶೇಷ ಇದೆ: ಕೌದಿ. ಒಣಗಿದ್ದಾಗ ಅದು ಹಗುರ. ಪದರ ಪದರ ಹಳೇ ಬಟ್ಟೆ ಸೇರಿಸಿ ಹೊಲಿದಿದ್ದು, ನೀರು ಕುಡಿದರೆ ಒಬ್ಬರಿಗೆ ಎತ್ತೋದೇ ಕಷ್ಟ. ಮಷಿನ್ ಮೇಲೆ 7 ಕೆಜಿ ಅಂತ ಬರೆದಿರುವುದು ಒಣ ಬಟ್ಟೆಯ ತೂಕ ಅನ್ನೋದನ್ನು ಬಹಳ ಜನ ಗಮನಿಸಿರುವುದಿಲ್ಲ. ನೆನೆದ ಕೌದಿ ಡ್ರಮ್ಮಿನ ಒಂದು ಬದಿಗೆ ಮುದ್ದೆಯಾಗಿ ಕೂತುಬಿಡುತ್ತದೆ, ಸ್ಪಿನ್ ಶುರುವಾದ ಕೂಡಲೇ ಡ್ರಮ್ ಸುತ್ತಲಿನ ಟಬ್ ಹೋಗಿ ಮಷಿನ್ ಹೊರ ಮೈಗೆ ಬಡಿಯುತ್ತದೆ. ಹೀಗೆ ನಾಲ್ಕಾರು ಸಲ ಬಡಿದರೆ ಚೆನ್ನಾಗಿದ್ದ ಸಸ್ಪೆನ್ಷನ್ (ಟಬ್ಬನ್ನು ತೂಗಿ ಹಿಡಿಯುವ ರಾಡ್, ಸ್ಪ್ರಿಂಗ್ ಇತ್ಯಾದಿ) ಕೂಡ ಹೋಗುತ್ತದೆ. ಕೌದಿ, ಜಮಖಾನ, ದಪ್ಪ ಚಾದರ ಇವನ್ನೆಲ್ಲ ಕೈಯಲ್ಲೇ ಒಗೆಯಿರಿ, ಬಿಸಿಲು ಹೇಗೂ ನಮ್ಮಲ್ಲಿ ಧಾರಾಳ ಇದೆ.

ಇನ್ನು ಒಳಗಿನ ಸಪ್ಪಳಗಳು. ನೀರು ತುಂಬುವಾಗ ಮಾತ್ರ ಗುಂಯ್ ಅನ್ನೋದು ನೀರು ಬಿಡುವ ವಾಲ್ವ್. ಮೇಲಿನ ಟ್ಯಾಂಕ್ ತೀರಾ ತಗ್ಗಿನಲ್ಲಿದ್ದು ಒತ್ತಡ ಕಡಿಮೆ ಇದ್ದರೆ, ಅಥವಾ ಪೈಪ್ ಸೇರುವ ಕಡೆ ಇರುವ ಸಣ್ಣ ಜಾಲರಿಯಲ್ಲಿ ಮಣ್ಣು ಕೂತಿದ್ದರೆ ಹೀಗಾಗುತ್ತದೆ. ನಮ್ಮೂರುಗಳಲ್ಲಿ ವಾರಗಟ್ಟಲೆ ನಳ ಬಂದಿರುವುದಿಲ್ಲ, ಬಂದಾಗ ಮೊದಮೊದಲು ರಾಡಿ ನೀರು. ಜಾಲರಿ ಕಟ್ಟೋದು ಸಹಜ. ನಳ ಬಂದ್ ಮಾಡಿ, ಪೈಪ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿ ತಿಕ್ಕಿ. ಅಷ್ಟೇ.

ನೀರು ಹೊರಗೆ ಹೋಗುವಾಗ ಮಾತ್ರ ಕಟಕಟ, ಗರಗರ ಅಂದರೆ ಡ್ರೈನ್ ಪಂಪ್‌ನಲ್ಲಿ ಏನೋ ಸಿಕ್ಕಿದೆ. ಫ್ರಂಟ್ ಲೋಡ್‌ನಲ್ಲಿ ಮುಂದೆ ಕೆಳಗಡೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಪ್ಲಗ್ ತೆಗೆದು, ಕೆಳಗೆ ಅಗಲವಾದ ತಾಟು ಇಟ್ಟು, ಒಳಗಿನ ತಿರುಪಿನ ಫಿಲ್ಟರನ್ನು ನಿಧಾನ ಬಿಚ್ಚಿ. ಒಮ್ಮೆಲೇ ಬಿಚ್ಚಿದರೆ ಉಳಿದ ನೀರೆಲ್ಲ ಮೈಮೇಲೆ ಬರುತ್ತದೆ, ಬಿಸಿ ನೀರಿನಲ್ಲಿ ಒಗೆದಿದ್ದರೆ ತಣಿಯುವವರೆಗೂ ಕಾಯಿರಿ. ನಮ್ಮ ಮನೆಯ ಫಿಲ್ಟರ್ ಬಿಚ್ಚಿದಾಗ ಕೂದಲಿನ ಗಂಟಿನಲ್ಲಿ ಸುತ್ತಿಕೊಂಡ ಕುಪ್ಪಸದ ಹುಕ್ಕು, ಒಂದು ರೂಪಾಯಿ ನಾಣ್ಯ, ಪಿನ್ನು ಎಲ್ಲ ಸಿಕ್ಕಿದವು. ಹುಕ್ಕು ಚಪ್ಪಟೆಯಾಗಿ ಬ್ಲೇಡಿನಷ್ಟು ಹರಿತವಾಗಿತ್ತು. ಫಿಲ್ಟರ್ ತೆಗೆದ ತೂತಿನೊಳಗೆ ಟಾರ್ಚ್ ಹಿಡಿದು ನೋಡಿ, ಪಂಪಿನ ಸಣ್ಣ ರೆಕ್ಕೆ ಕಾಣುತ್ತದೆ. ಅದು ಬೆರಳಿಗೆ ತಿರುಗಿದರೆ, ಹಲ್ಲು ಮುರಿದಿಲ್ಲದಿದ್ದರೆ ಪಂಪ್ ಛಲೋ ಇದೆ ಅಂತ ತಿಳಿಯಿರಿ. ಸುಮಾರು ಜನ ಈ ಸಪ್ಪಳಕ್ಕೇ ಪಂಪ್ ಬದಲಿಸಿ ದುಡ್ಡು ಕೊಟ್ಟಿರುತ್ತಾರೆ.

ಒಗೆಯುವಾಗ ಡ್ರಮ್ ಒಂದು ಸುತ್ತು ಬಂದಾಗಲೆಲ್ಲ ಟಣ್ ಅಂತ ಒಂದೇ ಸಲ ಕೇಳಿದರೆ ಒಳ ಡ್ರಮ್ಮಿಗೂ ಹೊರ ಟಬ್ಬಿಗೂ ನಡುವೆ ನಾಣ್ಯವೋ ಹುಕ್ಕೋ ಇದೆ. ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಮತ್ತು ಸೆಮಿಯಲ್ಲಿ (ಒಗೆಯಲು, ಹಿಂಡಲು ಬೇರೆ ಬೇರೆ ಟಬ್ ಇರುವ ಸೆಮಿ ಆಟೊಮ್ಯಾಟಿಕ್) ಅದು ಪಲ್ಸೇಟರ್, ಅಂದರೆ ತಳದಲ್ಲಿ ತಿರುಗುವ ತಟ್ಟೆಯ ಅಡಿ ಸೇರಿರುತ್ತದೆ. ನಡುವಿನ ಸ್ಕ್ರೂ ಬಿಚ್ಚಿ ಪಲ್ಸೇಟರ್ ಎತ್ತಿದರೆ ನಾಣ್ಯದ ಜೊತೆ ಎರಿ ಮಣ್ಣಿನ ಕೆಸರೂ ಸಿಗುತ್ತದೆ, ಹೊಲಕ್ಕೆ ಹೋಗಿ ಬಂದ ಬಟ್ಟೆ ನೇರವಾಗಿ ಮಷಿನ್‌ಗೆ ಹಾಕುವ ಮನೆಗಳಲ್ಲಿ ಅದು ಹಿಡಿಗಟ್ಟಲೆ ಇರುತ್ತದೆ. ಕಿರ್ ಕಿರ್ ಅಂತ ಎಳೆಎಳೆಯಾಗಿ ಕೂಗಿದರೆ ಬೆಲ್ಟ್. ಸವೆದಿದೆ ಅಥವಾ ಸಡಿಲಾಗಿದೆ, ಇಲಿಯೂ ಕಡಿದಿರಬಹುದು. ಬೆಲ್ಟ್ ಸಣ್ಣ ಖರ್ಚು. ಇಲಿ ಕಡಿದಿದ್ದರೆ ಪಕ್ಕದ ವೈರ್‌ಗಳನ್ನೂ ನೋಡಿಸಿ, ಅಡಿಗೆ ಜಾಲಿ ಹಾಕಿಸಿ. ಗುಂಯ್ ಅಂತ ಸದ್ದಷ್ಟೇ ಇದೆ, ತಿರುಗೋದೇ ಇಲ್ಲ ಅಂದರೆ ಸೆಮಿ ಮಷಿನ್‌ಗಳಲ್ಲಿ ಹೆಚ್ಚಾಗಿ ಕೆಪಾಸಿಟರ್. ಅದನ್ನು ನೀವು ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಹಿಂಡುವಾಗಿನ ಸಪ್ಪಳದಲ್ಲಿ ಎರಡು ಬಗೆ. ಬಟ್ಟೆ ಸರಿಯಾಗಿ ಹಾಕಿದರೂ, ನೆಲ ಸಮ ಇದ್ದರೂ ಸ್ಪಿನ್ ಶುರುವಿನಲ್ಲೇ ಟಬ್ ಬಡಿಯುತ್ತದೆ ಅಂದರೆ ಸಸ್ಪೆನ್ಷನ್. ಟಾಪ್ ಲೋಡ್‌ನಲ್ಲಿ ಟಬ್ ಸಾಮಾನ್ಯವಾಗಿ ನಾಲ್ಕು ರಾಡ್‌ಗಳ ಮೇಲೆ ತೂಗುತ್ತಿರುತ್ತದೆ. ಖಾಲಿ ಟಬ್ಬನ್ನು ಕೈಯಿಂದ ಕೆಳಗೆ ಒತ್ತಿ ಬಿಡಿ. ಮೇಲೆ ಬಂದು ಸುಮ್ಮನೆ ನಿಂತರೆ ರಾಡ್ ಗಟ್ಟಿ ಇವೆ, ಮೇಲೆ ಕೆಳಗೆ ಕುಣಿಯುತ್ತಲೇ ಇದ್ದರೆ ಹೋಗಿವೆ. ಬದಲಿಸುವಾಗ ನಾಲ್ಕೂ ಬದಲಿಸಿ, ಒಂದೇ ಒಂದು ಹೊಸದು ಹಾಕಿದರೆ ಟಬ್ ಓರೆಯಾಗಿ ನಿಲ್ಲುತ್ತದೆ. ಫ್ರಂಟ್ ಲೋಡ್‌ನಲ್ಲಿ ಮೇಲೆ ಸ್ಪ್ರಿಂಗ್, ಕೆಳಗೆ ಶಾಕ್ ಅಬ್ಸಾರ್ಬರ್ ಇರುತ್ತವೆ. ಅದರ ಟಬ್ಬಿಗೆ ಕಟ್ಟಿದ ಸಿಮೆಂಟಿನ ಭಾರದ ಬೋಲ್ಟ್ ಸಡಿಲಾದರೂ ಇದೇ ತರಹ ಬಡಿತ ಕೇಳುತ್ತದೆ, ಅದನ್ನು ಬಿಗಿ ಮಾಡಿದರೆ ಸಾಕು. ಸಸ್ಪೆನ್ಷನ್ ಕೆಲಸಕ್ಕೆ ಯಾರೂ ಹೊಸ ಮಷಿನ್ ತರಬೇಕಿಲ್ಲ. ಮಷಿನ್ ಹತ್ತು ವರ್ಷದ್ದಾಗಿದ್ದರೂ ನಾನು ಮಾಡಿಸು ಅಂತಲೇ ಹೇಳುತ್ತೇನೆ.

ಎರಡನೆಯದು ಬೇರಿಂಗ್. ಸ್ಪಿನ್ ವೇಗ ಏರಿದಂತೆ ಏರುವ ಸಪ್ಪಳ ಅದು. ಮೊದಲಿಗೆ ಸಣ್ಣಗೆ ಗರ್ರ್, ಆಮೇಲೆ ಪಕ್ಕದ ಓಣಿಯ ಹಿಟ್ಟಿನ ಗಿರಣಿ ನಡೆದ ಹಾಗೆ ಒಂದೇ ಸಮ. ವೇಗ ಇಳಿದರೆ ಸಪ್ಪಳವೂ ಇಳಿಯುತ್ತದೆ, ಬಟ್ಟೆ ಇದ್ದರೂ ಇಲ್ಲದಿದ್ದರೂ ಬರುತ್ತದೆ. ಖಾತ್ರಿ ಮಾಡಿಕೊಳ್ಳೋದು ಹೀಗೆ. ಪ್ಲಗ್ ತೆಗೆಯಿರಿ. ಫ್ರಂಟ್ ಲೋಡ್ ಬಾಗಿಲು ತೆರೆದು ಒಂದು ಕೈಯಿಂದ ಡ್ರಮ್ಮನ್ನು ಮೆಲ್ಲಗೆ ತಿರುಗಿಸಿ, ಇನ್ನೊಂದು ಅಂಗೈಯನ್ನು ಮಷಿನ್ ಮೇಲೆ ಹಿಂಬದಿಗೆ ಇಡಿ. ಮರಳು ಅರೆದಂತೆ ಒರಟು ಕೈಗೆ ತಿಳಿದರೆ ಬೇರಿಂಗ್ ಸವೆದಿದೆ. ಆಮೇಲೆ ಡ್ರಮ್ಮಿನ ಮೇಲಿನ ಅಂಚು ಹಿಡಿದು ಮೇಲಕ್ಕೆ ಎತ್ತಿ. ರಬ್ಬರ್ ಸಮೇತ ಇಡೀ ಟಬ್ ಸ್ಪ್ರಿಂಗ್ ಮೇಲೆ ಆಡಿದರೆ ಪರವಾಗಿಲ್ಲ, ಆಡಲೇಬೇಕು. ಹೊರಗಿನ ಟಬ್ ಅಲ್ಲೇ ಇದ್ದು ಒಳಗಿನ ಡ್ರಮ್ ಮಾತ್ರ ಟಕ್ ಟಕ್ ಅಂದರೆ ಬೇರಿಂಗ್ ಬಹಳ ಮುಂದೆ ಹೋಗಿದೆ. ಮಷಿನ್ ಹಿಂದಿನ ಮುಚ್ಚಳ ತೆಗೆದಾಗ ಪುಲ್ಲಿಯ ಸುತ್ತ ಕಂದು ತುಕ್ಕಿನ ನೀರಿನ ಗೆರೆ ಕಂಡರೆ ಸೀಲ್ (ನೀರು ತಡೆಯುವ ರಬ್ಬರ್ ಬಳೆ) ಸೋರಿ ನೀರು ಬೇರಿಂಗ್ ಒಳಗೆ ಹೋಗಿದೆ ಅಂತಲೇ ಅರ್ಥ.

ಬೇರಿಂಗ್ ಸಪ್ಪಳ ಕೇಳಿದ ಮೇಲೆ ದಯವಿಟ್ಟು ತಡ ಮಾಡಬೇಡಿ. "ಒಗೀತಾ ಐತಲ್ಲ, ನಡೀಲಿ ಬಿಡು" ಅಂತ ಬಿಟ್ಟ ಮನೆಗಳೇ ಜಾಸ್ತಿ. ಮೊದಲು ಹೋಗಿರುವುದು ಎರಡು ಬೇರಿಂಗ್, ಒಂದು ಸೀಲ್ ಇಷ್ಟೇ. ಹಾಗೇ ಓಡಿಸಿದರೆ ಡ್ರಮ್ ತಿರುಗಿಸುವ ಶಾಫ್ಟ್ ಸವೆಯುತ್ತದೆ, ಬೇರಿಂಗ್ ಕೂರುವ ಮನೆ ಸವೆಯುತ್ತದೆ, ಕೊನೆಗೆ ಡ್ರಮ್ ಹೋಗಿ ಟಬ್ಬಿಗೆ ಉಜ್ಜುತ್ತದೆ. ಆಗ ರಿಪೇರಿ ಖರ್ಚು ಹೊಸ ಮಷಿನ್ ಹತ್ತಿರಕ್ಕೆ ಹೋಗುತ್ತದೆ, ಬೇರೆ ದಾರಿ ಉಳಿಯೋದಿಲ್ಲ. ರಿಪೇರಿ ಮಾಡಿಸುವ ಆಯ್ಕೆ ನಿಮ್ಮ ಕೈಯಲ್ಲಿ ಇರಬೇಕು ಅಂದರೆ ಶುರುವಿನಲ್ಲೇ ಮಾಡಿಸಿ.

ಈಗ ರಿಪೇರಿನಾ ಹೊಸದಾ ಅನ್ನೋ ಲೆಕ್ಕ. ಇದು ನಿಮ್ಮ ಮಷಿನ್ ಯಾವ ಬಗೆ ಅನ್ನೋದರ ಮೇಲೆ ನಿಂತಿದೆ.

ಸೆಮಿ ಆಟೊಮ್ಯಾಟಿಕ್ ಇದ್ದರೆ ನನ್ನ ಉತ್ತರ ಹೆಚ್ಚುಕಡಿಮೆ ಯಾವಾಗಲೂ ರಿಪೇರಿ. ಅದರ ಒಳಗೆ ಇರೋದೇ ಕಡಿಮೆ. ಒಗೆಯುವ ಬದಿಗೆ ಮೋಟಾರು, ಬೆಲ್ಟ್, ಗೇರ್‌ಬಾಕ್ಸ್. ಹಿಂಡುವ ಬದಿಗೆ ಬೇರೆ ಮೋಟಾರು, ಅದರ ಅಡಿ ಸ್ಪ್ರಿಂಗ್, ಒಂದು ಬ್ರೇಕ್, ನೀರು ಕೆಳಗೆ ಇಳಿಯದಂತೆ ತಡೆಯುವ ರಬ್ಬರ್ ಬೆಲ್ಲೋ. ಗದಗಿನಲ್ಲಿ ನಮ್ಮ ಅಕ್ಕನ ಮನೆಯ ಸೆಮಿ ಹಿಂಡುವಾಗ ಕರ್ಕಶವಾಗಿ ಕೂಗುತ್ತಿತ್ತು. ಬಂದ ಮಿಸ್ತ್ರಿ ಮಷಿನ್ ಹಿಂದಕ್ಕೆ ವಾಲಿಸಿ ಅಡಿಗೆ ಕೈ ಹಾಕಿ, ಒದ್ದೆ ಬೆರಳು ತೋರಿಸಿ, "ನೋಡ್ರಿ ಅಕ್ಕಾರ, ಬೆಲ್ಲೋ ಹರದೇತಿ, ನೀರು ಮೋಟಾರ್ ಮ್ಯಾಲೆ ಬೀಳಾಕತ್ತೇತಿ" ಅಂದ. ಬರೀ ಮೋಟಾರಿನ ಬುಷ್ ಬದಲಿಸಿ ಹೋಗಿದ್ದರೆ ಕೆಲವೇ ತಿಂಗಳಿಗೆ ಮತ್ತೆ ಅದೇ ಕಥೆ ಆಗುತ್ತಿತ್ತು. ಬೆಲ್ಲೋನೂ ಬದಲಿಸಿದ. ಒಳ್ಳೆ ಮಿಸ್ತ್ರಿ ಅಂದರೆ ಹಾಗೆ, ಹೋದದ್ದನ್ನು ಬದಲಿಸುವುದರ ಜೊತೆ ಅದು ಯಾಕೆ ಹೋಯ್ತು ಅಂತಲೂ ಹುಡುಕುತ್ತಾನೆ. ಈ ಸಾಮಾನುಗಳು ತಾಲೂಕು ಊರುಗಳಲ್ಲೂ ಸಿಗುತ್ತವೆ. ಹೊರ ಮೈ ಪೂರ್ತಿ ಒಡೆದು, ಪ್ಲಾಸ್ಟಿಕ್ ಟಬ್ ಸೀಳಿದ್ದರೆ ಮಾತ್ರ ಬಿಟ್ಟುಬಿಡಿ.

ಟಾಪ್ ಲೋಡ್‌ನಲ್ಲಿ ರಾಡ್, ಬೆಲ್ಟ್, ನೀರು ಹೊರಗೆ ಬಿಡುವ ಮೋಟಾರು ಇವೆಲ್ಲ ಸುಲಭ. ಸಪ್ಪಳ ಕ್ಲಚ್ ಅಥವಾ ಗೇರ್‌ನಿಂದ ಬರುತ್ತಿದ್ದರೆ, ಅಂದರೆ ಒಗೆಯುವಾಗ ಪಲ್ಸೇಟರ್ ಆ ಕಡೆ ಈ ಕಡೆ ತಿರುಗಿದಾಗಲೆಲ್ಲ ಕರ್ರ್ ಅಂದರೆ, ಖರ್ಚು ಸ್ವಲ್ಪ ದೊಡ್ಡದು. ಏಳೆಂಟು ವರ್ಷದೊಳಗಿನ ಮಷಿನ್ ಆದರೆ ಮಾಡಿಸಬಹುದು. ಅದಕ್ಕೂ ಹಳೇದಾಗಿ, ಕೆಳಗಿನ ತಗಡು ತುಕ್ಕು ಹಿಡಿದು ಉದುರುತ್ತಿದ್ದರೆ ಬೇಡ.

ಫ್ರಂಟ್ ಲೋಡ್‌ನಲ್ಲಿ ಒಂದೇ ಒಂದು ವಿಷಯ ಎಲ್ಲವನ್ನೂ ತೀರ್ಮಾನಿಸುತ್ತದೆ: ಹೊರ ಟಬ್ ಬಿಚ್ಚಲು ಬರುತ್ತದಾ ಇಲ್ಲವಾ. ಕೆಲವು ಮಾಡೆಲ್‌ಗಳಲ್ಲಿ ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಜೋಡಿಸಿರುತ್ತಾರೆ. ಬಿಚ್ಚಿ ಬೇರಿಂಗ್ ಹೊಡೆದು ಹೊಸದು ಕೂರಿಸಬಹುದು. ಈಚಿನ ಬಹಳ ಮಾಡೆಲ್‌ಗಳಲ್ಲಿ ಎರಡೂ ಹೋಳನ್ನು ಕಾಯಿಸಿ ಅಂಟಿಸಿಬಿಟ್ಟಿರುತ್ತಾರೆ. ಅಂಥದಕ್ಕೆ ಕಂಪನಿಯವರು ಇಡೀ ಟಬ್ ಸೆಟ್ ಬದಲಿಸಬೇಕು ಅನ್ನುತ್ತಾರೆ, ಆ ಬೆಲೆ ಕೇಳಿದಾಗಲೇ ಹೊಸ ಮಷಿನ್ ಯೋಚನೆ ಶುರುವಾಗುತ್ತದೆ. ಕೆಲ ಮಿಸ್ತ್ರಿಗಳು ಅಂಟಿದ ಟಬ್ಬನ್ನು ಗರಗಸದಿಂದ ಕೊಯ್ದು, ಒಳಗಿನ ಕೆಲಸ ಮುಗಿಸಿ, ಸ್ಕ್ರೂ ಮತ್ತು ಸೀಲೆಂಟ್ ಹಾಕಿ ಮತ್ತೆ ಕೂಡಿಸುತ್ತಾರೆ. ಕೈ ಪಳಗಿದವರು ಮಾಡಿದರೆ ನಡೆಯುತ್ತದೆ, ಆದರೆ ಸೋರುವ ಅಪಾಯ ಇದ್ದೇ ಇದೆ. ಮೊದಲೇ ಅಂಥ ಕೆಲಸ ಎಷ್ಟು ಮಾಡಿದ್ದೀರಿ, ಸೋರಿದರೆ ಬಂದು ನೋಡ್ತೀರಾ ಅಂತ ಕೇಳಿಯೇ ಕೊಡಿ.

ಡ್ರಮ್ಮನ್ನು ಶಾಫ್ಟಿಗೆ ಜೋಡಿಸುವ, ಡ್ರಮ್ ಹಿಂದಿನ ಮೂರು ಕಾಲಿನ ಅಲ್ಯೂಮಿನಿಯಂ ಕವಲು ಇನ್ನೊಂದು ದೊಡ್ಡ ಖರ್ಚು. ಇದು ತಿಂದುಹೋಗಿ ಬಿರುಕು ಬಿಟ್ಟರೆ ಗರ್ರ್ ಬದಲು ಧಡಾರ್ ಅಂತ ಭಾರವಾದ ಏಟು ಕೇಳುತ್ತದೆ, ಡ್ರಮ್ ಕೈಯಿಂದ ತಿರುಗಿಸಿದರೆ ಓರೆಯಾಗಿ ಸುತ್ತುತ್ತದೆ. ಅಂಥ ಮಷಿನ್ ಮತ್ತೆ ಓಡಿಸಬೇಡಿ. ಜೋರು ವೇಗದಲ್ಲಿ ಮುರಿದರೆ ಡ್ರಮ್ ಟಬ್ಬನ್ನೇ ಒಡೆಯಬಹುದು. ರೋಣ, ಮುಂಡರಗಿ ಕಡೆ ಬೋರಿನ ಸವಳು ನೀರು ಬಳಸುವವರು ಇದನ್ನು ತಪ್ಪದೆ ನೋಡಿಸಿ. ಸವಳು ನೀರಿಗೆ ಸೋಪು ಸರಿಯಾಗಿ ಬಿಡೋದಿಲ್ಲ ಅಂತ ಪುಡಿ ಜಾಸ್ತಿ ಸುರಿಯುತ್ತೇವೆ, ಆ ಪುಡಿ ಮತ್ತು ಬಿಳಿ ಗಟ್ಟಿ ಪದರ ಸೇರಿ ಡ್ರಮ್ ಹಿಂದೆ ಕೂರುತ್ತದೆ, ಲೋಹವನ್ನು ಅದೇ ತಿನ್ನುತ್ತದೆ. ಆಗಾಗ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಖಾಲಿ ಮಷಿನ್ ಬಿಸಿ ನೀರಿನಲ್ಲಿ ಓಡಿಸಿದರೆ ಪದರ ಕಟ್ಟೋದು ಕಡಿಮೆಯಾಗುತ್ತದೆ.

ದುಡ್ಡಿನ ವಿಚಾರದಲ್ಲಿ ನಾನು ಇಟ್ಟುಕೊಂಡ ಅಳತೆ ಇದು. ಅದೇ ಬಗೆಯ, ಅದೇ ಅಳತೆಯ ಹೊಸ ಮಷಿನ್ ಇವತ್ತಿನ ಬೆಲೆಯ ಮೂರನೇ ಒಂದು ಭಾಗದೊಳಗೆ ರಿಪೇರಿ ಆದರೆ ಮಾಡಿಸಿ. ಅರ್ಧ ದಾಟಿದರೆ ಬೇಡ. ನಡುವೆ ಬಂದರೆ ವಯಸ್ಸು ನೋಡಿ. ಹೊಸದು 30,000 ಇದೆ, ನಿಮಗೆ 7,000 ಹೇಳಿದರು ಅಂದುಕೊಳ್ಳಿ, ಐದು ವರ್ಷದ ಮಷಿನ್, ಬೋರ್ಡ್ (ಮಷಿನ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಇನ್ನೂ ತೊಂದರೆ ಕೊಟ್ಟಿಲ್ಲ. ಕಣ್ಣುಮುಚ್ಚಿ ಮಾಡಿಸಿ. ಅದೇ 12,000 ಹೇಳಿದರು, ಒಂಬತ್ತು ವರ್ಷ ಆಗಿದೆ, ಹೋದ ವರ್ಷ ಬೋರ್ಡ್ ಕೂಡ ಬದಲಿಸಿದ್ದೀರಿ ಅಂದರೆ ನಿಲ್ಲಿಸಿ. "ಹೋದ ವರ್ಷ ಅಷ್ಟು ಹಾಕಿದ್ದೀನಲ್ಲ, ಈಗ ಹೇಗೆ ಬಿಡೋದು" ಅಂತ ಅನಿಸುತ್ತದೆ, ಅಲ್ವಾ? ಆ ದುಡ್ಡು ಹೋಗಿ ಆಗಿದೆ. ಇವತ್ತು ಕೊಡುವ ದುಡ್ಡಿಗೆ ಇನ್ನೆಷ್ಟು ವರ್ಷ ಸಿಗುತ್ತದೆ ಅಂತ ಮಾತ್ರ ನೋಡಿ.

ಕಂಪನಿಯವರಾ, ಊರಿನ ಮಿಸ್ತ್ರಿಯಾ? ವಾರಂಟಿ ಇದ್ದರೆ ಕಂಪನಿಯೇ, ಬೇರೆಯವರ ಕೈಗೆ ಕೊಡಲೇಬೇಡಿ. ಆದರೆ ಮಷಿನ್ ಮೇಲಿನ "10 ವರ್ಷ" ಅನ್ನೋ ಸ್ಟಿಕ್ಕರ್ ನೋಡಿ ನೆಚ್ಚಬೇಡಿ. ಅದು ಸಾಮಾನ್ಯವಾಗಿ ಮೋಟಾರಿಗೆ ಮಾತ್ರ. ಬೇರಿಂಗ್, ಟಬ್, ಕೂಲಿ ಹೆಚ್ಚಾಗಿ ಅದರಲ್ಲಿ ಬರೋದಿಲ್ಲ, ವಾರಂಟಿ ಕಾರ್ಡ್ ತೆಗೆದು ಓದಿ. ವಾರಂಟಿಯಲ್ಲಿ ಇದ್ದದ್ದಕ್ಕೂ ದುಡ್ಡು ಕೇಳಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ವಾರಂಟಿ ಮುಗಿದ ಮೇಲೆ ಬೆಲ್ಟ್, ರಾಡ್, ಪಂಪ್, ಸೆಮಿಯ ಎಲ್ಲ ಕೆಲಸಕ್ಕೂ ನನಗೆ ಊರಿನ ಮಿಸ್ತ್ರಿಯೇ ಸರಿ ಅನಿಸುತ್ತದೆ. ಸಣ್ಣ ಊರಿನಲ್ಲಿದ್ದರೆ ಕಂಪನಿ ಹುಡುಗ ಹುಬ್ಬಳ್ಳಿಯಿಂದ ಬರುವವರೆಗೆ ಬಟ್ಟೆ ರಾಶಿ ಬಿದ್ದಿರುತ್ತದೆ. ಬೋರ್ಡ್ ಕೆಲಸಕ್ಕೆ ಮಾತ್ರ ಕಂಪನಿಯವರನ್ನು ಕರೆಯಿರಿ.

ಯಾರಿಗೇ ಕೊಟ್ಟರೂ ಸಾಮಾನಿನ ಬೆಲೆ ಬೇರೆ, ಕೂಲಿ ಬೇರೆ ಬರೆಸಿಕೊಳ್ಳಿ. ಬೇರಿಂಗ್ ಅಂತ ಹೇಳಿದರೆ ಬೆಲ್ಟ್ ತೆಗೆದು ಡ್ರಮ್ ತಿರುಗಿಸಿ ತೋರಿಸಿ ಅನ್ನಿ. ಬೆಲ್ಟ್ ಇಲ್ಲದೆಯೂ ಒರಟು ಇದ್ದರೆ ಬೇರಿಂಗ್, ನುಣುಪಾಗಿ ತಿರುಗಿದರೆ ಸಪ್ಪಳ ಮೋಟಾರ್ ಕಡೆಯದು. (ಬೆಲ್ಟ್ ಇಲ್ಲದ ಡೈರೆಕ್ಟ್ ಡ್ರೈವ್ ಮಷಿನ್‌ಗೆ ಈ ಪರೀಕ್ಷೆ ನಡೆಯೋದಿಲ್ಲ.) ಬೇರಿಂಗಿನ ಬದಿಯಲ್ಲಿ 6204, 6205, 6206 ಈ ತರಹ ನಂಬರ್ ಕೆತ್ತಿರುತ್ತದೆ. ಹಳೇದರ ನಂಬರ್ ನೋಡಿ ಬೇರಿಂಗ್ ಅಂಗಡಿಯಲ್ಲಿ ನೀವೇ ತರಬಹುದು, ಪಂಪ್‌ಸೆಟ್ಟು, ಮೋಟಾರಿನ ಸಾಮಾನು ಮಾರುವ ಕಡೆ ಸಿಗುತ್ತದೆ. ಹೆಸರಿದ್ದ ಕಂಪನಿಯದೇ ತನ್ನಿ, ಬಿಲ್ ತಗೊಳ್ಳಿ, ನಕಲಿ ಬಹಳ ಇವೆ. ಎರಡೂ ಬೇರಿಂಗ್ ಮತ್ತು ಸೀಲ್ ಒಟ್ಟಿಗೆ ಬದಲಾಗಬೇಕು. ಹಳೇ ಸೀಲ್ ಮತ್ತೆ ಹಾಕಿದರೆ ಹೊಸ ಬೇರಿಂಗಿಗೂ ನೀರು ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಹಳೇ ಸಾಮಾನು ಕೇಳಿ ಇಸ್ಕೊಳ್ಳಿ, ಮಿಸ್ತ್ರಿ ಇರುವಾಗಲೇ ಒಮ್ಮೆ ಪೂರ್ತಿ ಸ್ಪಿನ್ ಓಡಿಸಿ ನೋಡಿ.

ಹೊಸದೇ ತರೋದು ಅಂತಾದರೆ ನಿಮ್ಮ ಮನೆಯ ನೀರು ನೋಡಿ ಆರಿಸಿ. ಹುಬ್ಬಳ್ಳಿ-ಧಾರವಾಡದಲ್ಲಿ ದಿನದ 24 ಗಂಟೆ ನೀರು ಬರುವ ವಾರ್ಡ್‌ಗಳೂ ಇವೆ, ಮಲಪ್ರಭೆ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳೂ ಇವೆ. ಕೊಡದಿಂದ ತುಂಬಿ ಒಗೆಯಬೇಕು ಅಂದರೆ ಸೆಮಿಯಷ್ಟು ಅನುಕೂಲ ಯಾವುದೂ ಇಲ್ಲ. ಟ್ಯಾಂಕ್ ಎತ್ತರದಲ್ಲಿದ್ದು ಒತ್ತಡ ಚೆನ್ನಾಗಿದ್ದರೆ ಫ್ರಂಟ್ ಲೋಡ್ ಟಾಪ್ ಲೋಡ್‌ಗಿಂತ ಬಹಳ ಕಡಿಮೆ ನೀರಿನಲ್ಲಿ ಒಗೆಯುತ್ತದೆ, ಆದರೆ ಬೇರಿಂಗ್ ಹೋದಾಗ ಖರ್ಚು ಅದರದ್ದೇ ಜಾಸ್ತಿ. ಅಂಗಡಿಯಲ್ಲಿ ಬಾಗಿಲಿನ ಬಣ್ಣ, ಪ್ರೋಗ್ರಾಂ ಎಷ್ಟಿವೆ ಅಂತ ಕೇಳುವ ಬದಲು ಟಬ್ ಬಿಚ್ಚಲು ಬರುತ್ತದಾ, ಸರ್ವಿಸ್ ಹುಡುಗ ಯಾವ ಊರಿನಿಂದ ಬರ್ತಾನೆ ಅಂತ ಕೇಳಿ. ಹಳೇದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ನಿಮ್ಮ ಮಿಸ್ತ್ರಿಗೂ ಒಂದು ಮಾತು ಕೇಳಿ. ಮೋಟಾರು, ಬೋರ್ಡ್ ಛಲೋ ಇದ್ದರೆ ಬಿಡಿ ಸಾಮಾನಿಗೆ ಬೇಕು ಅಂತ ಅವರು ಅಂಗಡಿಗಿಂತ ಒಳ್ಳೆ ಬೆಲೆ ಕೊಡಬಹುದು.

ಹೊಸ ಫ್ರಂಟ್ ಲೋಡ್ ಮನೆಗೆ ಬಂದ ದಿನ ಹಿಂಬದಿಗೆ ಸಾಗಣೆಯ ಬೋಲ್ಟ್‌ಗಳು ಇರುತ್ತವೆ, ದಾರಿಯಲ್ಲಿ ಟಬ್ ಅಲ್ಲಾಡದಿರಲಿ ಅಂತ ಹಾಕಿದ್ದು. ಅವನ್ನು ತೆಗೆಯದೆ ಓಡಿಸಿದರೆ ಮೊದಲ ಸ್ಪಿನ್‌ಗೇ ಮಷಿನ್ ನೆಲದ ಮೇಲೆ ನಡೆದಾಡುತ್ತದೆ. ಹುಡುಗ ಜೋಡಿಸುವಾಗ ಪಕ್ಕದಲ್ಲೇ ನಿಂತು ತೆಗೆಸಿ, ತೆಗೆದ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಬಿಲ್ ಜೊತೆ ಎತ್ತಿಡಿ. ಬಾಡಿಗೆ ಮನೆ ಬದಲಿಸುವಾಗ ಮತ್ತೆ ಹಾಕಬೇಕಾಗುತ್ತದೆ.